ನಾವು ಮಾಡಿದ್ದೋ, ಗುಂಪು ಮಾಡಿಸಿದ್ದೋ? ಕೂಡು ಉದ್ದೇಶದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

"ಎಲ್ಲರೂ ಸೇರಿ ತೀರ್ಮಾನ ಮಾಡಿದ್ದೇವೆ" ಅನ್ನುವ ಮಾತು ಕೇಳಿದಾಗಲೆಲ್ಲ ನನಗೆ ಸಣ್ಣದೊಂದು ಅನುಮಾನ. ಎಲ್ಲರೂ ಅಂದರೆ ಯಾರ್ಯಾರು? ಬಾಯಿ ಬಿಟ್ಟವರು ಎಷ್ಟು ಜನ? ಊರಿನ ಮುಯ್ಯಾಳು (ಕೂಲಿ ಇಲ್ಲದೆ ಒಬ್ಬರ ಗದ್ದೆಗೆ ಇನ್ನೊಬ್ಬರು ಸರದಿಯಲ್ಲಿ ದುಡಿಯುವುದು), ಬೀದಿಯ ಚೀಟಿ, ಸ್ವಸಹಾಯ ಸಂಘ, ಲೇಔಟಿನ ಅಸೋಸಿಯೇಷನ್, ಎಲ್ಲ ಕಡೆಯೂ ಈ ಅನುಮಾನಕ್ಕೆ ಕೆಲಸ ಇದೆ. ಸ್ನೇಹಿತರು, ಓದುಗರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಹಾಕಿದ್ದೇನೆ.

ಕೂಡು ಉದ್ದೇಶ ಅಂದರೆ ಏನು?

ತೇರಿನ ಮಿಣಿ ಹಿಡಿದು ಎಳೆದಿದ್ದೀರಾ? ಮುಂದಿನವರ ಬೆನ್ನು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಯಾರೋ ಕೂಗು ಹಾಕುತ್ತಾರೆ, ಎಲ್ಲರೂ ಒಟ್ಟಿಗೆ ಜಗ್ಗುತ್ತಾರೆ. ಗಾಲಿಗೆ ಮರದ ತುಂಡು ಕೊಡುವವರು ಕೈ ಎತ್ತಿದರೆ ನಿಲ್ಲುತ್ತಾರೆ. ಆ ಸಾಲಿನಲ್ಲಿರುವ ಯಾರನ್ನಾದರೂ "ಏನು ಮಾಡ್ತಿದೀರಿ?" ಎಂದು ಕೇಳಿ ನೋಡಿ. "ಹಗ್ಗ ಎಳೀತಿದೀನಿ" ಅನ್ನುವುದಿಲ್ಲ. "ತೇರು ಎಳೀತಿದೀವಿ" ಅನ್ನುತ್ತಾರೆ.

ಒಬ್ಬನಿಂದ ತೇರು ಒಂದು ಗೇಣೂ ಅಲ್ಲಾಡುವುದಿಲ್ಲ. ಆದರೂ ಆ ಒಬ್ಬನ ತಲೆಯಲ್ಲಿರುವುದು ಹಗ್ಗ ಅಲ್ಲ, ತೇರು. ಇಬ್ಬರು ಅಥವಾ ಇನ್ನೂರು ಜನ ಹೀಗೆ "ನಾವು" ಎಂದುಕೊಂಡು ಒಂದು ಕೆಲಸಕ್ಕೆ ಮನಸ್ಸು ಮಾಡುವುದನ್ನು ಈ ಪುಟದಲ್ಲಿ ಕೂಡು ಉದ್ದೇಶ ಎಂದು ಕರೆದಿದ್ದೇನೆ.

ಎಲ್ಲರೂ ಒಂದೇ ಕೆಲಸ ಮಾಡಿದರೆ ಅದು ಕೂಡು ಉದ್ದೇಶವೇ ಅಲ್ವಾ?

ಅಲ್ಲ. ಅಮೆರಿಕದ ತತ್ವಜ್ಞಾನಿ ಜಾನ್ ಸರ್ಲ್ 1990ರಲ್ಲಿ ಇದಕ್ಕೊಂದು ಚೆಂದದ ಉದಾಹರಣೆ ಕೊಟ್ಟರು. ಪಾರ್ಕಿನಲ್ಲಿ ಜನ ಅಲ್ಲಲ್ಲಿ ಕೂತಿದ್ದಾರೆ. ಇದ್ದಕ್ಕಿದ್ದಂತೆ ಮಳೆ. ಎಲ್ಲರೂ ಎದ್ದು ನಡುವೆ ಇರುವ ಮಂಟಪಕ್ಕೆ ಓಡುತ್ತಾರೆ. ಈಗ ಇನ್ನೊಂದು ದೃಶ್ಯ. ಅದೇ ಪಾರ್ಕು, ಅಷ್ಟೇ ಜನ, ಅದೇ ಓಟ. ಆದರೆ ಇವರು ನೃತ್ಯ ತಂಡದವರು, ಓಡಿ ಬಂದು ಒಂದೆಡೆ ಸೇರುವುದು ಅವರ ನೃತ್ಯದ ಭಾಗ. ಹೊರಗಿನಿಂದ ನೋಡಿದರೆ ಎರಡಕ್ಕೂ ಏನೂ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರುವುದು ಒಳಗೆ.

ಮಳೆಗೆ ಓಡುವವನ ಪಕ್ಕದವನು ಅರ್ಧ ದಾರಿಯಲ್ಲಿ ತಿರುಗಿ ಹೋದರೆ ಇವನಿಗೇನೂ ಆಗಬೇಕಾದ್ದಿಲ್ಲ. ನೃತ್ಯದಲ್ಲಿ ಹಾಗೆ ಹೋದರೆ "ಏಯ್, ಎಲ್ಲಿಗೆ ಹೊರಟೆ?" ಎಂಬ ಕೂಗು ಬರುತ್ತದೆ. ನನ್ನ ಮಟ್ಟಿಗೆ ಈ ಕೂಗೇ ಒಳ್ಳೆಯ ಪರೀಕ್ಷೆ. ಒಬ್ಬ ಬಿಟ್ಟು ಹೋದಾಗ ಉಳಿದವರಿಗೆ ಕೇಳುವ ಹಕ್ಕು ಇದೆಯಾ, ಇಲ್ಲವಾ?

ಈ ಹಕ್ಕು ಎಲ್ಲಿಂದ ಬರುತ್ತದೆ?

ಇಲ್ಲಿ ಎರಡು ಪಕ್ಷ ಇದೆ.

ತತ್ವಜ್ಞಾನಿ ಮೈಕೆಲ್ ಬ್ರಾಟ್ಮನ್ 1990ರ ದಶಕದಿಂದ ಹೇಳಿಕೊಂಡು ಬಂದದ್ದು ಹೀಗೆ. ಮನೆಗೆ ಇಬ್ಬರೂ ಸೇರಿ ಬಣ್ಣ ಹೊಡೆಯೋಣ ಎಂದುಕೊಂಡರೆ ನನ್ನ ಯೋಜನೆ, ನಿಮ್ಮ ಯೋಜನೆ ಒಂದಕ್ಕೊಂದು ಹೊಂದಬೇಕು. ನಾನು ಕೆಂಪು, ನೀವು ನೀಲಿ ಎಂದು ಹಠ ಹಿಡಿದರೆ ಕೆಲಸ ಕೆಡುತ್ತದೆ. ಹೊಂದಿದರೆ ಸಾಕು. ಅದರಾಚೆಗೆ "ಗುಂಪಿನ ಮನಸ್ಸು" ಎಂಬ ಬೇರೆ ವಸ್ತು ಬೇಕಿಲ್ಲ.

ಇನ್ನೊಬ್ಬ ತತ್ವಜ್ಞಾನಿ ಮಾರ್ಗರೆಟ್ ಗಿಲ್ಬರ್ಟ್ ಅವರಿಗೆ ಇದು ಸಾಲದು. ಅವರ ಉದಾಹರಣೆ ಇನ್ನೂ ಸರಳ: ಇಬ್ಬರು ಜೊತೆಯಾಗಿ ವಾಕಿಂಗ್ ಹೋಗುವುದು. ಒಬ್ಬರು ಮಾತೇ ಆಡದೆ ಬಿರಬಿರನೆ ಮುಂದೆ ಹೋಗಿಬಿಟ್ಟರೆ ಇನ್ನೊಬ್ಬರು ಆಕ್ಷೇಪಿಸಬಹುದು. ಜೊತೆಗೆ ಹೊರಟ ಕ್ಷಣದಲ್ಲೇ ಇಬ್ಬರೂ ಒಬ್ಬರಿಗೊಬ್ಬರು ಕಟ್ಟುಬಿದ್ದಿದ್ದಾರೆ. ಅದನ್ನು ಒಬ್ಬರೇ ಬಿಚ್ಚಿಕೊಂಡು ಹೋಗುವ ಹಾಗಿಲ್ಲ.

ಪಟ್ಟಣದ ಗೆಳೆಯರ ಬಳಗಕ್ಕೆ ಬ್ರಾಟ್ಮನ್ ಸರಿ ಅನ್ನಿಸುತ್ತಾರೆ. ನಮ್ಮ ಅಜ್ಜಿ ಊರನ್ನು ನೆನೆದರೆ ಗಿಲ್ಬರ್ಟ್ ಸರಿ ಅನ್ನಿಸುತ್ತಾರೆ. ಯಾಕೆ ಅಂತ ಮುಂದೆ ಮುಯ್ಯಾಳಿನ ಕಥೆಯಲ್ಲಿ ಗೊತ್ತಾಗುತ್ತದೆ.

ಗುಂಪಿನ ಪ್ರಭಾವ ಅಂದರೆ ಇದಕ್ಕಿಂತ ಬೇರೆಯಾ?

ಬೇರೆ. ಅಲ್ಲಿ "ನಾವು" ಬೇಕಾಗಿಲ್ಲ. ಪಕ್ಕದಲ್ಲಿ ನಾಲ್ಕು ಜನ ಇದ್ದರೆ ಸಾಕು.

ಮನಶ್ಶಾಸ್ತ್ರಜ್ಞ ಸಾಲಮನ್ ಆಶ್ 1951ರಲ್ಲಿ ಪ್ರಕಟಿಸಿದ ಗೆರೆಗಳ ಪ್ರಯೋಗ ಈ ವಿಷಯದಲ್ಲಿ ಎಲ್ಲರೂ ಹೇಳುವ ಕಥೆ. ಒಂದು ಗೆರೆ ತೋರಿಸುತ್ತಾರೆ. ಪಕ್ಕದ ಮೂರರಲ್ಲಿ ಅಷ್ಟೇ ಉದ್ದದ್ದು ಯಾವುದು ಹೇಳಬೇಕು. ಮಗು ಕೂಡ ಹೇಳಬಹುದು. ಆದರೆ ಕೋಣೆಯಲ್ಲಿರುವ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಮೊದಲೇ ಮಾತಾಡಿಕೊಂಡವರು. 18 ಸುತ್ತುಗಳಲ್ಲಿ 12 ಸಲ ಬೇಕೆಂದೇ ಒಂದೇ ತಪ್ಪು ಉತ್ತರ ಹೇಳುತ್ತಾರೆ. ಆ ಒಬ್ಬನ ಸರದಿ ಬರುವುದು ಕೊನೆಯ ಹೊತ್ತಿಗೆ. ಹೀಗೆ ಸಿಕ್ಕಿಬಿದ್ದವರು ಕೊಟ್ಟ ಉತ್ತರಗಳಲ್ಲಿ ಮೂರನೇ ಒಂದರಷ್ಟು ಗುಂಪಿನ ತಪ್ಪಿನ ಕಡೆ ವಾಲಿದವು. ನಾಲ್ವರಲ್ಲಿ ಮೂವರು ಒಮ್ಮೆಯಾದರೂ ವಾಲಿದರು.

ಈ ಕಥೆ ಹೇಳುವವರು ಇನ್ನರ್ಧ ಮರೆತುಬಿಡುತ್ತಾರೆ. ಉಳಿದ ಮೂರನೇ ಎರಡರಷ್ಟು ಉತ್ತರಗಳು ಸರಿಯಾಗಿಯೇ ಇದ್ದವು! ನಾಲ್ವರಲ್ಲಿ ಒಬ್ಬರು ಒಂದು ಸಲವೂ ಬಗ್ಗಲಿಲ್ಲ. ಜನ ಕುರಿಗಳ ಮಂದೆ ಎಂದು ಸಾಧಿಸಲು ಈ ಪ್ರಯೋಗವನ್ನು ಎಳೆದು ತರುವುದು ನನಗೆ ಅಷ್ಟು ಸರಿ ಕಾಣುವುದಿಲ್ಲ.

ಬಗ್ಗುವುದರಲ್ಲೂ ಎರಡು ಬಗೆ ಇದೆ ಎಂದು 1955ರಲ್ಲಿ ಡಾಯ್ಚ್ ಮತ್ತು ಜೆರಾರ್ಡ್ ಎಂಬ ಮನಶ್ಶಾಸ್ತ್ರಜ್ಞರು ತೋರಿಸಿದರು. "ಅವರಿಗೆ ನನಗಿಂತ ಜಾಸ್ತಿ ಗೊತ್ತಿರಬೇಕು" ಎಂದು ಬಗ್ಗುವುದು ಒಂದು. "ನಾನೊಬ್ಬನೇ ಬೇರೆ ಹೇಳಿದರೆ ಏನಂದುಕೊಂಡಾರು" ಎಂದು ಬಗ್ಗುವುದು ಇನ್ನೊಂದು. ಹೊಸ ಊರಿನಲ್ಲಿ ಜನ ಸಾಲು ನಿಂತಿರುವ ಹೋಟೆಲನ್ನೇ ಆರಿಸುವುದು ಮೊದಲನೆಯದು. ಹಸಿವಿಲ್ಲದಿದ್ದರೂ ಪಂಕ್ತಿಯಲ್ಲಿ ಎರಡನೇ ಸಲ ಅನ್ನ ಹಾಕಿಸಿಕೊಳ್ಳುವುದು ಎರಡನೆಯದು.

ಹಾಗಾದರೆ ಎರಡಕ್ಕೂ ಏನು ಸಂಬಂಧ?

ಒಂದನ್ನು ಒಳ್ಳೆಯದು, ಇನ್ನೊಂದನ್ನು ಕೆಟ್ಟದ್ದು ಎಂದು ಬೇರೆ ಮಾಡಲು ಹೋದರೆ ಆಗುವುದಿಲ್ಲ. ಗುಂಪಿನ ಒತ್ತಡವೇ ಇಲ್ಲದೆ ಕೂಡು ಉದ್ದೇಶ ಬಹಳ ದಿನ ನಿಲ್ಲುವುದಿಲ್ಲ. ಕೂಡು ಉದ್ದೇಶವೇ ಇಲ್ಲದೆ ಬರೀ ಒತ್ತಡದಿಂದಲೂ ಅದೇ ಕೆಲಸ ಮಾಡಿಸಬಹುದು. ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತದೆ. ತೊಂದರೆ ಇರುವುದು ಅಲ್ಲೇ.

ಈಗ ಮುಯ್ಯಾಳು. ಮಲೆನಾಡಿನ ನಮ್ಮ ಅಜ್ಜಿ ಮನೆಯಲ್ಲಿ ನಾಟಿ ಸಮಯಕ್ಕೆ ಕೂಲಿಯವರಿಗಿಂತ ಮುಯ್ಯಾಳುಗಳೇ ಜಾಸ್ತಿ. ಇವತ್ತು ನಿಮ್ಮ ಗದ್ದೆಗೆ ನಮ್ಮ ಮನೆಯಿಂದ ಮೂವರು, ನಾಡಿದ್ದು ನಮ್ಮ ಗದ್ದೆಗೆ ನಿಮ್ಮ ಮನೆಯಿಂದ ಮೂವರು. ದುಡ್ಡಿನ ಮಾತಿಲ್ಲ. ಕಂಬಳಿಕೊಪ್ಪೆ ಹಾಕಿಕೊಂಡು ಸಾಲಾಗಿ ಬಗ್ಗಿ ಸಸಿ ನೆಡುವಾಗ ಯಾರದ್ದು ಯಾರ ಗದ್ದೆ ಎಂದು ಗೊತ್ತಾಗದಷ್ಟು ಒಂದಾಗಿರುತ್ತಿದ್ದರು. ಮಾತು, ನಗು, ಹಾಡು, ನಡುವೆ ಬಿಸಿ ಕಾಫಿ.

ಆದರೆ ಅಡುಗೆಮನೆಯ ಗೋಡೆಯ ಕ್ಯಾಲೆಂಡರ್ ಮೇಲೆ ಅಜ್ಜಿಯ ಪೆನ್ಸಿಲ್ ಗೀಟುಗಳಿದ್ದವು. ಯಾವ ಮನೆಗೆ ಎಷ್ಟು ಆಳು ಹೋಯಿತು, ಎಷ್ಟು ಬರಬೇಕು. ಒಂದು ವರ್ಷ ಒಂದು ಮನೆಯವರು ದೊಡ್ಡವರ ಬದಲು ಹತ್ತು ವರ್ಷದ ಹುಡುಗನನ್ನು ಕಳಿಸಿದರು. ಯಾರೂ ಏನೂ ಅನ್ನಲಿಲ್ಲ. ಹುಡುಗನಿಗೆ ಎಲ್ಲರಿಗಿಂತ ಮೊದಲು ತಿಂಡಿ ಕೊಟ್ಟರು. ಸಂಜೆ ಅತ್ತೆ ಪಾತ್ರೆ ತೊಳೆಯುತ್ತಾ, "ನಮ್ಮನೇಲೂ ಹುಡುಗರಿದಾರಲ್ಲ, ಅವರನ್ನೇ ಕಳಿಸಿದ್ರಾಯ್ತು" ಅಂದರು. ಆ ಮಾತು ಎರಡು ದಿನದಲ್ಲಿ ಊರು ಸುತ್ತಿತು. ಮುಂದಿನ ನಾಟಿಗೆ ಆ ಮನೆಯಿಂದ ಗಂಡ ಹೆಂಡತಿ ಇಬ್ಬರೂ ಬಂದರು.

ನೋಡಿ, ಗದ್ದೆಯಲ್ಲಿದ್ದದ್ದು ಕೂಡು ಉದ್ದೇಶ. ಕ್ಯಾಲೆಂಡರ್ ಮೇಲಿದ್ದದ್ದು, ಅತ್ತೆಯ ಬಾಯಲ್ಲಿದ್ದದ್ದು ಗುಂಪಿನ ಒತ್ತಡ. ಕನ್ನಡದಲ್ಲಿ ಮುಯ್ಯಿ ಅಂದರೆ ಮದುವೆಯ ಉಡುಗೊರೆಯೂ ಹೌದು, ತೀರಿಸಬೇಕಾದ ಋಣವೂ ಹೌದು, ಸೇಡೂ ಹೌದು. "ಮುಯ್ಯಿಗೆ ಮುಯ್ಯಿ" ಅನ್ನುತ್ತೇವಲ್ಲ. ಒಂದೇ ಪದದಲ್ಲಿ ಮೂರನ್ನೂ ತುಂಬಿಟ್ಟವರಿಗೆ ಈ ಸಂಬಂಧ ನಮಗಿಂತ ಚೆನ್ನಾಗಿ ಗೊತ್ತಿತ್ತು ಅನ್ನಿಸುತ್ತದೆ.

ಇದು ಕಲಿತು ಬರುವುದಾ, ಹುಟ್ಟಿನಿಂದಲೇ ಇರುತ್ತದಾ?

ತುಂಬ ಬೇಗ ಬರುತ್ತದೆ. ಮನಶ್ಶಾಸ್ತ್ರಜ್ಞರಾದ ವಾರ್ನೆಕೆನ್, ಟೊಮಸೆಲ್ಲೊ ಮತ್ತು ಜೊತೆಗಾರರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದೂವರೆಯಿಂದ ಎರಡು ವರ್ಷದ ಮಕ್ಕಳ ಜೊತೆ ದೊಡ್ಡವರೊಬ್ಬರು ಆಟ ಆಡುತ್ತಾರೆ. ನಡುವೆ ಸುಮ್ನೆ ಆಟ ನಿಲ್ಲಿಸಿಬಿಡುತ್ತಾರೆ. ಮಕ್ಕಳು ಅವರನ್ನು ಮತ್ತೆ ಆಟಕ್ಕೆ ಕರೆಯಲು ನೋಡಿದವು. ಜನರ ನಡುವೆಯೇ ಬೆಳೆದ ಚಿಂಪಾಂಜಿಗಳು ಒಮ್ಮೆಯೂ ಕರೆಯಲಿಲ್ಲ.

ಮೂರು ವರ್ಷದ ಹೊತ್ತಿಗೆ ಇನ್ನೊಂದು ಹೆಜ್ಜೆ. "ಒಟ್ಟಿಗೆ ಆಡೋಣ" ಎಂದು ಒಪ್ಪಿಕೊಂಡ ಆಟದಿಂದ ಎದ್ದು ಹೋಗುವಾಗ ಮಗು ಏನಾದರೂ ಸೂಚನೆ ಕೊಟ್ಟು ಹೋಗುತ್ತದೆ. ಸುಮ್ಮನೆ ಕದ್ದು ಹೋಗುವುದು ಕಡಿಮೆ. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ "ಹೋಗಿ ಬರ್ತೀನಿ". ವಾಪಸ್ ಬರುವ ಯೋಚನೆ ಇಲ್ಲದಿದ್ದರೂ ಹಾಗೆ ಹೇಳದೆ ಹೊಸ್ತಿಲು ದಾಟುವುದಿಲ್ಲ ಅಲ್ವಾ?

ಒತ್ತಡಕ್ಕೆ ಒಪ್ಪಿದರೆ ಅದು ಒಪ್ಪಿಗೆಯೇ?

ಬ್ರಾಟ್ಮನ್ ಅವರದ್ದೇ ಒಂದು ತಮಾಷೆಯ ಉದಾಹರಣೆ ಇದೆ. "ನಾವಿಬ್ಬರೂ ನ್ಯೂಯಾರ್ಕ್‌ಗೆ ಹೋಗೋಣ" ಎಂದು ನಾನು ತೀರ್ಮಾನಿಸಿ, ನಿಮ್ಮನ್ನು ಕಾರಿನ ಡಿಕ್ಕಿಗೆ ಹಾಕಿಕೊಂಡು ಹೊರಟರೆ? ಇಬ್ಬರೂ ಹೋದದ್ದೇನೋ ನಿಜ. ಕೂಡಿ ಹೋದದ್ದಲ್ಲ.

ಡಿಕ್ಕಿಯ ಮಟ್ಟಿಗೆ ಸುಲಭ. ಕಷ್ಟ ಇರುವುದು ಹಿಂದಿನ ಸೀಟಿನಲ್ಲಿ ಬಾಯಿ ಮುಚ್ಚಿಕೊಂಡು ಕೂತವರ ವಿಷಯದಲ್ಲಿ. ಗಿಲ್ಬರ್ಟ್ ಪ್ರಕಾರ ಒತ್ತಾಯಕ್ಕೆ ಒಪ್ಪಿದರೂ ಕಟ್ಟು ಬಿದ್ದಂತೆಯೇ. ನನಗೆ ಇದು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಬೇಡ ಎಂದರೆ ಏನಾಗುತ್ತದೆ ಎಂದು ನೋಡಬೇಕು. ನಾಲ್ಕು ದಿನ ಮುಖ ದಪ್ಪ ಮಾಡಿಕೊಳ್ಳುತ್ತಾರೆ ಅಂದರೆ ಅದು ಒಂದು ಲೆಕ್ಕ. ಊರ ಬಾವಿಯಲ್ಲಿ ನೀರು ಸೇದಲು ಬಿಡುವುದಿಲ್ಲ ಅಂದರೆ ಬೇರೆ ಲೆಕ್ಕ. ಬಹಿಷ್ಕಾರದ ಭಯದಲ್ಲಿ ಒಪ್ಪಿದವರನ್ನು ಸೇರಿಸಿಕೊಂಡು "ಊರವರೆಲ್ಲ ಒಮ್ಮನಸ್ಸಿನಿಂದ" ಎಂದು ಬರೆಯುವುದು ಸುಳ್ಳು.

ಸ್ವಸಹಾಯ ಸಂಘದಲ್ಲಿ ಸಾಲ ಕಟ್ಟಿಸುವುದು ಯಾವುದು? ಕೂಡು ಉದ್ದೇಶವೋ, ಒತ್ತಡವೋ?

ಎರಡೂ. ಯಾವುದು ಮೊದಲು ಬಂತು ಎನ್ನುವುದರ ಮೇಲೆ ಸಂಘದ ಹಣೆಬರಹ ನಿಂತಿದೆ.

1980ರ ದಶಕದ ನಡುವೆ ಕರ್ನಾಟಕದಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆಯ ಜೊತೆಗಿದ್ದ ಕೆಲವು ದೊಡ್ಡ ಸಹಕಾರ ಸಂಘಗಳು ಒಡೆದವು. ಸದಸ್ಯರು ತಮಗೆ ನಂಬಿಕೆ ಇದ್ದವರ ಜೊತೆ ತಾವೇ ಚಿಕ್ಕ ಚಿಕ್ಕ ಗುಂಪಾದರು. ಗುಂಪು ಮೊದಲು, ಸಾಲ ಆಮೇಲೆ. ಇಂಥ ಅನುಭವಗಳ ಮೇಲೆಯೇ 1992ರಲ್ಲಿ ನಬಾರ್ಡ್ (ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್) ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಕೆಲಸ ಶುರು ಮಾಡಿತು. ವಾರ ವಾರ ಸ್ವಂತ ಉಳಿತಾಯ, ಯಾರಿಗೆ ಎಷ್ಟು ಕೊಡಬೇಕು ಎಂಬ ಚರ್ಚೆ, ಪುಸ್ತಕದಲ್ಲಿ ಎಲ್ಲರ ಸಹಿ. ಅಲ್ಲಿ "ಅಕ್ಕ, ಈ ವಾರ ಕಟ್ಟಕ್ಕಾಗಲ್ಲ" ಅಂದರೆ ಮೊದಲು ಬರುವ ಪ್ರಶ್ನೆ "ಯಾಕೆ, ಏನಾಯ್ತು?"

ಆಮೇಲೆ ಬಂದ ಕಿರುಸಾಲ ಕಂಪನಿಗಳಲ್ಲಿ ಎಷ್ಟೋ ಕಡೆ ಇದು ತಲೆಕೆಳಗಾಯಿತು. ಸಾಲ ಮೊದಲು, ಗುಂಪು ಆಮೇಲೆ. ಏಜೆಂಟ್ ಬಂದು ಒಂದೇ ಬೀದಿಯ ಹೆಂಗಸರ ಆಧಾರ್ ಜೋಡಿಸಿ ಗುಂಪು ಅಂದುಬಿಡುತ್ತಾನೆ. ಒಬ್ಬರು ಕಟ್ಟದಿದ್ದರೆ ಉಳಿದವರು ಹೊಣೆ. ನಮ್ಮ ನೆಂಟರೊಬ್ಬರ ಮನೆ ಜಗುಲಿಯಲ್ಲಿ ಇಂಥದ್ದೊಂದು ಮೀಟಿಂಗ್ ನೋಡಿದ್ದೇನೆ. ಒಬ್ಬಳ ಕಂತು ಬಂದಿರಲಿಲ್ಲ. ಬರುವ ತನಕ ಯಾರೂ ಏಳುವ ಹಾಗಿಲ್ಲ. ಒಬ್ಬಾಕೆಗೆ ಹಾಲು ಕರೆಯುವ ಹೊತ್ತು, ಇನ್ನೊಬ್ಬಾಕೆಯ ಮಗು ಅಳುತ್ತಿತ್ತು. ಏಜೆಂಟ್ ಒಂದು ಮಾತೂ ಜೋರಾಗಿ ಆಡಲಿಲ್ಲ. ಮೊಬೈಲ್ ನೋಡುತ್ತಾ ಕೂತಿದ್ದ. ಬೈಯುವ ಕೆಲಸವನ್ನು ಉಳಿದ ಹೆಂಗಸರೇ ಮಾಡಿದರು. ಅವತ್ತು ಬೈಸಿಕೊಂಡವಳು ಮೂಗಿನ ನತ್ತು ಬಿಚ್ಚಿ ಕೊಟ್ಟಳು, ಒಬ್ಬರು ಅದನ್ನಿಟ್ಟುಕೊಂಡು ದುಡ್ಡು ಕೊಟ್ಟರು.

ಮುಯ್ಯಾಳಿನಲ್ಲಿ ಅತ್ತೆ ಆಡಿದ ಮಾತಿಗೂ ಇದಕ್ಕೂ ಏನು ವ್ಯತ್ಯಾಸ? ಅತ್ತೆ ತಾನೂ ಸೇರಿ ಕಟ್ಟಿದ ಒಪ್ಪಂದವನ್ನು ಕಾಯುತ್ತಿದ್ದರು. ಈ ಹೆಂಗಸರು ಬೇರೆ ಯಾರದ್ದೋ ವಸೂಲಿ ಕೆಲಸ ಮಾಡುತ್ತಿದ್ದರು, ಸಂಬಳ ಇಲ್ಲದೆ. 2025ರ ಫೆಬ್ರವರಿಯಲ್ಲಿ ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಗಿ ಬಂತು. ಮನೆ ಮುಂದೆ ಬಂದು ಕೂರುವ ಏಜೆಂಟನನ್ನು ಕಾನೂನು ತಡೆಯಬಹುದು. ಪಕ್ಕದ ಮನೆಯವಳ ಕಣ್ಣನ್ನು ಯಾವ ಕಾನೂನು ತಡೆಯುತ್ತದೆ?

ಯಾರಿಗೂ ಬೇಡದ ಕೆಲಸವನ್ನು ಎಲ್ಲರೂ ಸೇರಿ ಮಾಡಲು ಸಾಧ್ಯವಾ?

ಧಾರಾಳವಾಗಿ. ಜೆರ್ರಿ ಹಾರ್ವಿ ಎಂಬ ಅಮೆರಿಕದ ಮ್ಯಾನೇಜ್‌ಮೆಂಟ್ ಮೇಷ್ಟ್ರು 1974ರಲ್ಲಿ ತಮ್ಮ ಮನೆಯ ಕಥೆಯನ್ನೇ ಬರೆದರು. ಟೆಕ್ಸಸ್‌ನ ಉರಿ ಬಿಸಿಲು. ಮನೆಯವರೆಲ್ಲ ಎಸಿ ಇಲ್ಲದ ಕಾರಿನಲ್ಲಿ ಆ್ಯಬಿಲೀನ್ ಎಂಬ ಊರಿಗೆ ಊಟಕ್ಕೆ ಹೋಗಿ ಬಂದರು. ಬಂದ ಮೇಲೆ ಗೊತ್ತಾಯಿತು, ಒಬ್ಬರಿಗೂ ಹೋಗುವ ಮನಸ್ಸಿರಲಿಲ್ಲ. ಪ್ರತಿಯೊಬ್ಬರೂ ಉಳಿದವರಿಗೆ ಇಷ್ಟ ಎಂದುಕೊಂಡು "ಹೂಂ" ಅಂದಿದ್ದರು.

ನಮ್ಮ ಆ್ಯಬಿಲೀನ್ ಜೋಗ. ಶಿವಮೊಗ್ಗದಲ್ಲಿ ನಾಮಕರಣ ಮುಗಿಸಿ, ಮರುದಿನ ಹನ್ನೊಂದು ಜನ ಟೆಂಪೋ ಮಾಡಿಕೊಂಡು ಸುಮಾರು 100 ಕಿಲೋಮೀಟರ್ ಹೋದೆವು. ಜಡಿಮಳೆ, ಮಂಜು. ಜಲಪಾತದ ಸದ್ದು ಕೇಳಿಸಿತು, ಜಲಪಾತ ಕಾಣಲಿಲ್ಲ. ಒದ್ದೆ ಸಾಕ್ಸ್ ಹಿಂಡುತ್ತಾ ಮಾವ, "ನೀವೆಲ್ಲ ಆಸೆಪಟ್ರಿ ಅಂತ ಬಂದೆ" ಅಂದರು. ನಾವೆಲ್ಲ ಮಾವನಿಗೋಸ್ಕರ ಹೊರಟಿದ್ದೆವು!

ಇಲ್ಲಿ "ನಾವು" ಇತ್ತು, ಯೋಜನೆಗಳು ಹೊಂದಿಕೊಂಡಿದ್ದವು, ಟೆಂಪೋ ದುಡ್ಡನ್ನೂ ಸಮನಾಗಿ ಹಾಕಿದ್ದೆವು. ಉದ್ದೇಶ ಮಾತ್ರ ಯಾರದ್ದೂ ಆಗಿರಲಿಲ್ಲ.

ಗುಂಪು ದೊಡ್ಡದಾದಷ್ಟೂ ಉದ್ದೇಶ ಗಟ್ಟಿಯಾಗುತ್ತದಾ?

ಸಾಮಾನ್ಯವಾಗಿ ಇಲ್ಲ. 1968ರಲ್ಲಿ ಲಾಟನೆ ಮತ್ತು ಡಾರ್ಲಿ ಎಂಬ ಮನಶ್ಶಾಸ್ತ್ರಜ್ಞರು ಒಂದು ಕೋಣೆಗೆ ಹೊಗೆ ಬಿಟ್ಟು ನೋಡಿದರು. ಒಬ್ಬನೇ ಕೂತಿದ್ದಾಗ 100ರಲ್ಲಿ 75 ಜನ ಎದ್ದು ಹೋಗಿ ತಿಳಿಸಿದರು. ಪಕ್ಕದಲ್ಲಿ ಇಬ್ಬರು ಬೇಕೆಂದೇ ತಣ್ಣಗೆ ಕೂತಿದ್ದಾಗ ತಿಳಿಸಿದವರು 100ಕ್ಕೆ 10 ಮಾತ್ರ. ಬೀದಿ ದೀಪ ಕೆಟ್ಟರೆ ಇನ್ನೂರು ಜನರ ವಾಟ್ಸಾಪ್ ಗುಂಪಿನಲ್ಲಿ ಅರವತ್ತು ಹೆಬ್ಬೆಟ್ಟು ಬೀಳುತ್ತವೆ, ದೂರು ಕೊಟ್ಟವರು ಯಾರೂ ಇರುವುದಿಲ್ಲ. ಅದೇ ರೋಗ.

ಒತ್ತಡಕ್ಕೆ ಎದುರಾಗಿ ಕೂಡು ಉದ್ದೇಶ ನಿಂತ ಉದಾಹರಣೆ ಇದೆಯಾ?

ಮರ ಉಳಿಸಲು ಎದ್ದ ಅಪ್ಪಿಕೊ ಚಳವಳಿ. 1983ರ ಸೆಪ್ಟೆಂಬರ್ 8, ಶಿರಸಿ ಹತ್ತಿರದ ಸಾಲ್ಕಣಿ. ಊರಿನ ಗಂಡಸರು, ಹೆಂಗಸರು, ಮಕ್ಕಳು ಕಾಡಿಗೆ ಹೋಗಿ ಕಡಿಯಲು ಗುರುತು ಮಾಡಿದ್ದ ಮರಗಳನ್ನು ಅಪ್ಪಿಕೊಂಡು ನಿಂತರು. ಹಿಂದೆ ಉತ್ತರ ಭಾರತದ ಚಿಪ್ಕೊ ಚಳವಳಿಯ ಪ್ರೇರಣೆ ಇತ್ತು. ಮುಂದೆ ನಿಂತವರಲ್ಲಿ ಪಾಂಡುರಂಗ ಹೆಗಡೆ ಒಬ್ಬರು. ಕಾಡಿನಲ್ಲಿ 38 ದಿನ ಹೋರಾಟ ನಡೆದು ಕೊನೆಗೆ ಸರ್ಕಾರ ಕಡಿಯುವ ಆದೇಶ ಹಿಂದಕ್ಕೆ ಪಡೆಯಿತು.

ನನ್ನ ಗಮನ ಹೋಗುವುದು ಆ ದಿನಗಳ ಲೆಕ್ಕದ ಮೇಲೆ. ಮೊದಲ ದಿನ ಮರ ಅಪ್ಪಿಕೊಳ್ಳಲು ಉತ್ಸಾಹ ಸಾಕು. ಇಪ್ಪತ್ತನೇ ದಿನಕ್ಕೆ? ಹಟ್ಟಿಯಲ್ಲಿ ದನ, ತೋಟದಲ್ಲಿ ಕೆಲಸ, ಮೇಲೆ ಮಲೆನಾಡಿನ ಮಳೆ. "ಎದುರು ಮನೆಯವರು ಹೋಗ್ತಿದಾರೆ, ನಾವು ಹೋಗದಿದ್ರೆ ಹೇಗೆ" ಎನ್ನುವುದೂ ಒಂದಷ್ಟು ಕೆಲಸ ಮಾಡಿರಲೇಬೇಕು ಎಂದು ನನ್ನ ಊಹೆ. ಹಾಗಂದರೆ ಚಳವಳಿಯ ತೂಕ ಕಡಿಮೆಯಾಗುವುದಿಲ್ಲ. ಕಾಡು ಹೋದರೆ ನೀರು, ಸೊಪ್ಪು, ಸೌದೆ ಹೋಗುತ್ತದೆ ಎಂದು ಪ್ರತಿ ಮನೆಗೂ ಗೊತ್ತಿತ್ತು. "ಉಳಿಸು, ಬೆಳೆಸು, ಬಳಸು" ಎಂಬ ಅವರ ಘೋಷಣೆಯಲ್ಲಿ ಕೊನೆಗೆ "ಬಳಸು" ಇರುವುದನ್ನು ಗಮನಿಸಿ. ಅದು ಕಾಡಿನ ಜೊತೆ ಬದುಕುವವರ ಲೆಕ್ಕ.

ಜಗಳ ಆಡುವ ಎರಡು ಗುಂಪುಗಳನ್ನು ಒಂದು ಮಾಡಬಹುದಾ?

ಮನಶ್ಶಾಸ್ತ್ರಜ್ಞ ಮುಜಾಫರ್ ಶೆರಿಫ್ 1954ರಲ್ಲಿ ಅಮೆರಿಕದ ಒಕ್ಲಹೋಮದ ಒಂದು ಶಿಬಿರದಲ್ಲಿ 22 ಹುಡುಗರನ್ನು ಎರಡು ಗುಂಪು ಮಾಡಿ ಪಂದ್ಯ ಕಟ್ಟಿದರು. ಬಾವುಟ ಸುಡುವ ತನಕ ಜಗಳ ಹೋಯಿತು. ಆಮೇಲೆ ನೀರಿನ ಸರಬರಾಜು ನಿಂತಾಗ, ಲಾರಿ ಕೆಟ್ಟಾಗ ಎರಡೂ ಗುಂಪು ಕೂಡಿ ದುಡಿಯಬೇಕಾಯಿತು. ನಿಧಾನವಾಗಿ ಹಗೆ ಇಳಿಯಿತು. ಇದನ್ನು ಹೇಳುವಾಗ ಅದರ ಹಿಂದಿನ ವರ್ಷದ ಪ್ರಯೋಗವನ್ನೂ ಹೇಳಬೇಕು. 1953ರಲ್ಲಿ ಬೇರೆ ಹುಡುಗರ ಮೇಲೆ ಇದನ್ನೇ ಮಾಡಲು ಹೋದಾಗ ಅವರು ಜಗಳವನ್ನೇ ಆಡಲಿಲ್ಲ. ದೊಡ್ಡವರೇ ಏನೋ ಆಟ ಕಟ್ಟುತ್ತಿದ್ದಾರೆ ಎಂದು ಅನುಮಾನಪಟ್ಟರು. ಆ ಹುಡುಗರು ನನಗೆ ಜಾಸ್ತಿ ಇಷ್ಟ.

ಎಲ್ಲರೂ ಹೂಂ ಅಂದಾಗ ನಾನೊಬ್ಬ ಬೇಡ ಅನ್ನುವುದು ಹೇಗೆ?

ಆಶ್ ಪ್ರಯೋಗದಲ್ಲೇ ಎರಡು ಸುಳಿವು ಇದೆ. ಗುಂಪಿನಲ್ಲಿ ಇನ್ನೊಬ್ಬ ಸರಿ ಉತ್ತರ ಹೇಳಿದರೆ ಸಾಕು, ತಪ್ಪಿನ ಕಡೆ ವಾಲುವುದು ಬಹಳ ಕಡಿಮೆಯಾಯಿತು. ಬಾಯಲ್ಲಿ ಹೇಳುವ ಬದಲು ಚೀಟಿಯಲ್ಲಿ ಬರೆದುಕೊಟ್ಟಾಗಲೂ ಕಡಿಮೆಯಾಯಿತು. ಹಾಗಾಗಿ ಸಭೆಗೆ ಮುಂಚೆ ಒಬ್ಬರ ಜೊತೆ ಮಾತಾಡಿ. ಅಥವಾ "ಬೇಡ" ಅನ್ನುವ ಬದಲು "ನನಗೆ ಇದು ಅರ್ಥ ಆಗಲಿಲ್ಲ, ಇನ್ನೊಂದ್ಸಲ ಹೇಳ್ತೀರಾ?" ಅನ್ನಿ. ವಿವರಿಸಲು ಹೊರಟವರೇ ಎಷ್ಟೋ ಸಲ ತಡವರಿಸುತ್ತಾರೆ.

ನಮ್ಮ ಲೇಔಟಿನಲ್ಲಿ ಹೊಸ ಗೇಟು ಹಾಕಿಸುವ ಮಾತು ಬಂತು. ಮನೆಗೆ ಎಂಟು ಸಾವಿರ. ಸಭೆಯಲ್ಲಿ ಕೈ ಎತ್ತಿಸಿದಾಗ ಬಂದಿದ್ದ ಹದಿನಾಲ್ಕು ಮನೆಯವರೂ ಎತ್ತಿದರು, ನಾನೂ ಸೇರಿ. ಮುಂದಿನ ವಾರ ಮೂರನೇ ಕ್ರಾಸಿನ ರಿಟೈರ್ಡ್ ಟೀಚರ್ ಒಬ್ಬರು ಹಳೇ ನೋಟ್‌ಬುಕ್ಕಿನ ಹಾಳೆ ಹರಿದು ತುಂಡು ಮಾಡಿಕೊಂಡು ಬಂದರು. "ಸುಮ್ನೆ, ದಾಖಲೆಗೆ ಇರಲಿ" ಅಂತ ಎಲ್ಲರಿಗೂ ಒಂದೊಂದು ಚೂರು ಕೊಟ್ಟರು. ಹೆಸರು ಬರೆಯುವುದು ಬೇಡ, ಬೇಕು ಅಥವಾ ಬೇಡ ಅಷ್ಟೇ.

ಸ್ಟೀಲ್ ಡಬ್ಬಿಯಲ್ಲಿ ಹದಿನಾಲ್ಕು ಚೂರು ಬಿದ್ದವು. ಒಂಬತ್ತರಲ್ಲಿ "ಬೇಡ" ಇತ್ತು. ಅಧ್ಯಕ್ಷರು ಎರಡು ಸಲ ಎಣಿಸಿದರು. ಆಮೇಲೆ ಮೆತ್ತಗೆ, ಒಂದು "ಬೇಡ" ತಮ್ಮದೇ ಎಂದರು.